ಪ್ರಾಗ್ ನಗರದಲ್ಲಿ ನಮ್ಮ ಕಿರಿಯರ ತಂಡ

ನಮ್ಮ ಸಂಘದ ಕಿರಿಯರ ವಾಲಿಬಾಲ್ ತಂಡವು ಪ್ರಾಗ್‌ನಲ್ಲಿ ಸೌಹಾರ್ದ ಪಂದ್ಯಗಳನ್ನು ಆಡಿ ಮುಗಿಸಿದ ಮೇಲೆ, ಊರು ನೋಡುವುದಕ್ಕೆಂದು ಇನ್ನೂ ಒಂದು ದಿನ ಅಲ್ಲಿಯೇ ಉಳಿದುಕೊಂಡಿತು. ಆ ಹೆಚ್ಚಿನ ವಸತಿಯ ಖರ್ಚನ್ನು ಸಂಘ ಏಕೆ ಭರಿಸಬೇಕು ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಹಣ ಎಲ್ಲರದ್ದಾದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ತಂಡದೊಡನೆ ಹೋಗಿದ್ದ ನಾನು ಆ ಖರ್ಚನ್ನು ಮನಃಪೂರ್ವಕವಾಗಿ ಸಮರ್ಥಿಸುತ್ತೇನೆ.

ಬೆಳಿಗ್ಗೆ ಮಕ್ಕಳು ಎಲ್ಲ ಪ್ರವಾಸಿಗರೂ ನೋಡುವುದನ್ನೇ ನೋಡಿದರು: ದೊರೆ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ ಸೇತುವೆ, 1410ರ ಖಗೋಳ ಗಡಿಯಾರ, ಅರಸನ ವಿರುದ್ಧ ದಂಗೆಯೆದ್ದು 1621ರಲ್ಲಿ ಮರಣದಂಡನೆಗೆ ಗುರಿಯಾದ 27 ಮಂದಿಯ ನೆನಪಿಗೆ ಹಳೆಯ ಪುರಭವನದ ಬಳಿ ನೆಲದಲ್ಲಿ ಕೂರಿಸಿರುವ ಬಿಳಿಯ ಶಿಲುಬೆಗಳು. ಇಷ್ಟನ್ನು ಯಾವ ಮಾರ್ಗದರ್ಶಿಯಾದರೂ ತೋರಿಸಿಯಾನು.

ಸೇತುವೆ ದಾಟಿದ ಮೇಲೆ ಕೋಟೆಯ ದಾರಿ ಹಿಡಿಯದೆ, ಮಾಲಾ ಸ್ಟ್ರಾನಾದಲ್ಲಿರುವ ಟಿರ್ಶ್ ಭವನದ ಕಡೆಗೆ ನಡೆದೆವು. ಪ್ರಾಗ್ ಜರ್ಮನ್ ಭಾಷೆಯ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಆಳ್ವಿಕೆಯಲ್ಲಿದ್ದ ಕಾಲಕ್ಕೆ, 1862ರಲ್ಲಿ, ಮಿರೋಸ್ಲಾವ್ ಟಿರ್ಶ್ ಮತ್ತು ಅವರ ಸಂಗಡಿಗರು ಸೊಕೊಲ್ ಎಂಬ ವ್ಯಾಯಾಮ ಸಂಘವನ್ನು ಆರಂಭಿಸಿದರು. ಅದರ ಕೇಂದ್ರ ಕಚೇರಿ ಇರುವುದು ಈ ಭವನದಲ್ಲಿಯೇ. ಕಸರತ್ತಿನ ಪರಿಭಾಷೆಯನ್ನು ಟಿರ್ಶ್ ಚೆಕ್ ಭಾಷೆಯಲ್ಲಿಯೇ ರೂಪಿಸಿದರು. ನಾಜಿಗಳು ಮುಚ್ಚಿಸಿದ, ಆಮೇಲೆ ಕಮ್ಯುನಿಸ್ಟರೂ ಉಳಿಯಗೊಡದ ಈ ಸಂಘ 1990ರಲ್ಲಿ ಮತ್ತೆ ತಲೆಯೆತ್ತಿತು. ಪರದೇಶದಲ್ಲಿ ಹುಟ್ಟಿ ಬೆಳೆದರೂ ಅಂಕಣದಲ್ಲಿ ಒಬ್ಬರನ್ನೊಬ್ಬರು ಕನ್ನಡದಲ್ಲಿಯೇ ಕೂಗಿ ಎಚ್ಚರಿಸುವ ನಮ್ಮ ಮಕ್ಕಳಿಗೆ ಇದು ದೂರದ ಸಂಗತಿಯೆಂದು ಅನ್ನಿಸಲಿಲ್ಲ.

ಮಧ್ಯಾಹ್ನ ವೆನ್ಸೆಸ್ಲಾಸ್ ಚೌಕದಲ್ಲಿ ಮಕ್ಕಳಿಗೆ ಎಮಿಲ್ ಝಾಟೋಪೆಕ್ ಅವರ ವಿಚಾರ ಹೇಳಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮತ್ತು 10,000 ಮೀಟರ್ ಓಟಗಳನ್ನು ಗೆದ್ದು, ಅದಕ್ಕೆ ಮುಂಚೆ ಒಮ್ಮೆಯೂ ಓಡಿರದ ಮ್ಯಾರಥಾನಿನಲ್ಲಿಯೂ ಚಿನ್ನ ಪಡೆದ ಈ ಓಟಗಾರ, 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿದಾಗ ಇದೇ ಚೌಕದಲ್ಲಿ ಜನರ ನಡುವೆ ನಿಂತು ಆಕ್ರಮಣವನ್ನು ಖಂಡಿಸಿದರು. ಅದಕ್ಕಾಗಿ ಸೇನೆಯ ಹುದ್ದೆಯನ್ನು ಕಳೆದುಕೊಂಡು, ಖನಿಜ ಶೋಧಿಸುವ ತಂಡಗಳೊಡನೆ ಮನೆಯಿಂದ ದೂರ ವರ್ಷಗಟ್ಟಲೆ ಮೈಮುರಿದು ದುಡಿಯಬೇಕಾಯಿತು.

ಆದರೆ ಮಕ್ಕಳ ಮನಸ್ಸನ್ನು ಹಿಡಿದದ್ದು ಅದಕ್ಕಿಂತ ಹಿಂದಿನ ಒಂದು ಸಂಗತಿ. ಅನೇಕ ವಿಶ್ವದಾಖಲೆಗಳನ್ನು ಬರೆದರೂ ಒಲಿಂಪಿಕ್ಸ್ ಚಿನ್ನ ಮಾತ್ರ ಒಲಿಯದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ 1966ರಲ್ಲಿ ಪ್ರಾಗ್‌ಗೆ ಬಂದಿದ್ದರು. ಅವರನ್ನು ಬೀಳ್ಕೊಡುವಾಗ ಝಾಟೋಪೆಕ್ ಕೈಗೊಂದು ಪುಟ್ಟ ಪೊಟ್ಟಣವಿತ್ತರು. ಅದರೊಳಗಿದ್ದದ್ದು ಹೆಲ್ಸಿಂಕಿಯ 10,000 ಮೀಟರ್ ಓಟದ ಚಿನ್ನದ ಪದಕ. ಹಿಂದಿನ ದಿನ ಸೋತು ಮುಖ ಬಾಡಿಸಿಕೊಂಡಿದ್ದ ಹುಡುಗಿಯೊಬ್ಬಳು, ಗೆದ್ದದ್ದನ್ನು ಹಾಗೆ ಕೊಟ್ಟುಬಿಡಲು ಮನಸ್ಸು ಹೇಗೆ ಬರುತ್ತದೆ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಉಳಿದವರು ಉತ್ತರಿಸತೊಡಗಿದರು. ಹಿಂದಿರುಗುವ ಬಸ್ಸಿನಲ್ಲಿಯೂ ಆ ಮಾತುಕತೆ ನಿಲ್ಲಲಿಲ್ಲ.

ಇಂಥ ಮಾತುಕತೆ ಬರಿಯ ಪಂದ್ಯವಾಡಿ ಬಸ್ಸು ಹತ್ತಿದ್ದರೆ ಹುಟ್ಟುತ್ತಿರಲಿಲ್ಲ ಎಂಬುದೇ ನನ್ನ ಸಮರ್ಥನೆ. ಮುಂದಿನ ಸಾಲಿನ ಆಯವ್ಯಯದಲ್ಲಿ ತಂಡದ ಪ್ರವಾಸಕ್ಕೆ ಈ ಒಂದು ದಿನವನ್ನು ಸೇರಿಸಿಯೇ ಹಣ ತೆಗೆದಿರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ಹೋಗಲಿರುವ ಊರಿನ ಆಟಗಾರರ ಬಗ್ಗೆ ಮೊದಲೇ ಓದಿಕೊಂಡು ಮಕ್ಕಳಿಗೆ ಹೇಳಬಲ್ಲ ಹಿರಿಯರು ಮುಂದೆ ಬಂದರೆ, ಅವರ ಹೆಸರನ್ನು ಸಮಿತಿಗೆ ತಲುಪಿಸುವ ಹೊಣೆ ನನ್ನದು.