ದೋಟಿ ಕಲಿಸಿ, ಕನ್ನಡದಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ ಪೇಟೆಯ ಹೋಟೆಲಿನಲ್ಲಿ ಒಂದು ಬೆಂಚಿನಿಂದ ‘ಕೆಲಸ ಇಲ್ಲ ಮಾರಾಯ’ ಎಂದು ಕೇಳಿಸುತ್ತದೆ. ಪಕ್ಕದ ಬೆಂಚಿನಿಂದ ‘ಅಡಕೆಗೆ ಮದ್ದು ಬಿಡ್ಲಿಕ್ಕೆ ಜನ ಇಲ್ಲ’ ಎಂದು. ನಾನು ಎರಡೂ ಬೆಂಚಿನಲ್ಲಿ ಕೂತವ.

ಶಾರ್ಜಾದಲ್ಲಿ 14 ವರ್ಷ ಸ್ಟೋರ್‌ಕೀಪರ್ ಆಗಿದ್ದೆ. 2020ರಲ್ಲಿ ಕೊರೋನ ಬಂದಾಗ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸಿತು. ಆಗ ನನಗೆ 43. ಊರಿಗೆ ಬಂದು ಎಲ್ಲರ ಹಾಗೆ ಮೊಬೈಲ್ ಅಂಗಡಿ ಹಾಕಿದೆ. ಎಂಟು ತಿಂಗಳು ನಡೆಯಿತು. ಅದರ ಕತೆ ಬೇಡ.

ಮರು ಮಳೆಗಾಲ ಪಕ್ಕದ ತೋಟದ ಮಾವನ ಅಡಕೆಗೆ ಕೊಳೆರೋಗ ಹಿಡಿಯಿತು. ಮದ್ದು ಬಿಡುವವರಿಗೆ ಫೋನ್ ಮಾಡಿ ಮಾಡಿ ಮಾವನಿಗೆ ಸಾಕಾಯಿತು. ಜನ ಸಿಗುವಷ್ಟರಲ್ಲಿ ಎಳೆಕಾಯಿ ಮರದ ಬುಡದಲ್ಲಿ ಹಾಸಿತ್ತು. ಮರ ಹತ್ತುವವರಿಗೆ ವಯಸ್ಸಾಗಿದೆ, ಅವರ ಮಕ್ಕಳು ಹತ್ತುವುದಿಲ್ಲ. ಹತ್ತಿ ಎಂದು ನಾವು ಹೇಳುವ ಹಾಗೂ ಇಲ್ಲ.

ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದ ಕೋಲು, ಬಂದಿದೆ. ನೆಲದಲ್ಲೇ ನಿಂತು 60 ಅಡಿ ಮೇಲಿನ ಗೊನೆ ಕೊಯ್ಯಬಹುದು, ಮದ್ದೂ ಬಿಡಬಹುದು. ಹೇಳಲು ಸುಲಭ. ನಾನೂ ಕಲಿಯಲು ಹೊರಟೆ. ಮೊದಲ ವಾರ ದೋಟಿ ಒಂದು ಕಡೆ, ನಾನು ಒಂದು ಕಡೆ. ರಾತ್ರಿ ಕತ್ತು ತಿರುಗುತ್ತಿರಲಿಲ್ಲ. ಕಲಿಸಿದವ ನನಗಿಂತ 20 ವರ್ಷ ಚಿಕ್ಕ ಹುಡುಗ. ಕೊಳೆರೋಗದ ಮದ್ದಿಗೆ 100 ಲೀಟರ್ ನೀರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕಿಲೋ, ಸುಣ್ಣ 1 ಕಿಲೋ, ಇದು ಎಲ್ಲರಿಗೂ ಗೊತ್ತು. ಸುಣ್ಣ ಹಳತಾಗಿದ್ದರೆ? ಅವನು ಕತ್ತಿಯನ್ನು ಮದ್ದಿನಲ್ಲಿ ಒಂದು ನಿಮಿಷ ಅದ್ದಿ ತೆಗೆದ. ಅಲಗಿಗೆ ತಾಮ್ರದ ಕೆಂಪು ಹಿಡಿದಿತ್ತು. ‘ಸುಣ್ಣ ಸಾಲದು ಅಣ್ಣ, ಹೀಗೇ ಬಿಟ್ರೆ ಎಳತು ಸುಟ್ಟು ಹೋಗ್ತದೆ.’

ಹಳೆಯ ಕೆಲಸವೂ ಸುಮ್ನೆ ಹೋಗಲಿಲ್ಲ. ಯಾರ ತೋಟಕ್ಕೆ ಯಾವತ್ತು ಮದ್ದು ಬಿಟ್ಟೆ, ಮುಂದಿನ ಸಲಕ್ಕೆ 45 ದಿನ ಯಾವಾಗ ತುಂಬುತ್ತದೆ, ಎಲ್ಲ ಎಕ್ಸೆಲ್‌ನಲ್ಲಿದೆ. ಎರಡನೇ ಸಲದ ಮದ್ದಿಗೆ ಅವರಿಗಿಂತ ಮೊದಲು ನಾನೇ ಫೋನ್ ಮಾಡುತ್ತೇನೆ. ಸ್ಟೋರ್‌ಕೀಪರ್ ಬುದ್ಧಿ ಅಲ್ವಾ?

ನನ್ನ ತಕರಾರು ಬೇರೆ. ತರಬೇತಿಗೆಂದು ಒಂದು ಕಚೇರಿಗೆ ಹೋಗಿದ್ದೆ. ಫಾರ್ಮ್ ಪೂರ್ತಿ ಮಲಯಾಳದಲ್ಲಿ. ಮಾತಾಡಲು ನನಗೆ ಬರುತ್ತದೆ, ಅದೂ ಗಲ್ಫಿನಲ್ಲಿ ಕಲಿತದ್ದು. ಓದಲು ಬಾರದು. ‘ಯಾರನ್ನಾದರೂ ಕರ್ಕೊಂಡು ಬನ್ನಿ’ ಎಂದರು. ಕರ್ಕೊಂಡು ಹೋದರೆ ವಯಸ್ಸು ಜಾಸ್ತಿ ಆಯ್ತಂತೆ! ಕನ್ನಡಿಗರು ಕನ್ನಡದಲ್ಲೇ ಸರ್ಕಾರದ ಜೊತೆ ವ್ಯವಹರಿಸಬಹುದು ಎಂದು 1969ರ ಕೇರಳ ಭಾಷಾ ಕಾನೂನೇ ಹೇಳುತ್ತದೆ. ಇನ್ನು ವಯಸ್ಸು: ಗಲ್ಫಿನಿಂದ ಕೆಲಸ ಕಳಕೊಂಡು ಬರುವವರೆಲ್ಲ 20ರ ಹುಡುಗರಾ?

ಅಡಕೆ, ತೆಂಗಿನ ಸಂಶೋಧನೆಯ ಕೇಂದ್ರ ಸಂಸ್ಥೆ ಸಿಪಿಸಿಆರ್‌ಐ ಕಾಸರಗೋಡಿನಲ್ಲೇ ಇದೆ. ಅವರೂ ಪಂಚಾಯತುಗಳೂ ಸೇರಿ ಕನ್ನಡದಲ್ಲಿ ಒಂದು ವಾರದ ಶಿಬಿರ ಇಡಲಿ, ವಯಸ್ಸು ಕೇಳದೆ. ಮೇ ತಿಂಗಳಲ್ಲೇ ಆಗಬೇಕು. ಮಳೆ ಹಿಡಿದ ಮೇಲೆ ಕಲಿಸುವವರೆಲ್ಲ ತೋಟದಲ್ಲಿರುತ್ತಾರೆ. ದೋಟಿ ಬೇಕಾದರೆ ನನ್ನದೇ ತರುತ್ತೇನೆ.

– ಒಬ್ಬ ಓದುಗ, ಪೆರ್ಲ