ಅಜ್ಜಿ ಪಾತ್ರ ಬಿಡಬೇಡ

ಚಿ. ಸಿಂಧುಗೆ ದೊಡ್ಡಮ್ಮನ ಆಶೀರ್ವಾದ.

ನಾವೆಲ್ಲ ಕ್ಷೇಮ. ಮೊನ್ನೆ ನಿನ್ನಮ್ಮ ಫೋನ್ ಮಾಡಿದ್ದಳು. ಇಪ್ಪತ್ತಾರಕ್ಕೇ ನಾಟಕದಲ್ಲಿ ಅಜ್ಜಿ ಪಾತ್ರ ಕೊಟ್ಟರು ಅಂತ ನೀನು ಮುನಿಸಿಕೊಂಡು ತಾಲೀಮಿಗೇ ಹೋಗುತ್ತಿಲ್ಲವಂತೆ. ಮೇಲಿಂದ ಯಾವುದೋ ಸೀರಿಯಲ್ ಆಡಿಷನ್‌ನಲ್ಲಿ ಮುಖ ನೋಡಿಯೇ ವಾಪಸ್ ಕಳಿಸಿದರಂತೆ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಕೇಳು. ಬ್ಯಾಂಕಿನಲ್ಲಿದ್ದಾಗ ನಾವು ಸ್ಟಾಫ್ ಎಲ್ಲ ಸೇರಿ ಆಡಿದ ನಾಟಕದಲ್ಲಿ ನನಗೆ ಅತ್ತೆ ಪಾತ್ರ ಬಂತು. ನಾಯಕಿ ಪಾತ್ರ ಇನ್ನೊಬ್ಬಳಿಗೆ. ತಲೆನೋವು ಅಂತ ಸುಳ್ಳು ಹೇಳಿ ಬಿಟ್ಟೆ. ನಾಟಕದ ದಿನ ಜನ ಚಪ್ಪಾಳೆ ತಟ್ಟಿದ್ದು ಅತ್ತೆಗೆ. ಮೂರನೇ ಸಾಲಿನಲ್ಲಿ ಕೂತು ನಾನೂ ತಟ್ಟಿದೆ, ಹೊಟ್ಟೆ ಉರಿಯುತ್ತಲೇ.

ನಿನಗೆ ಬ್ರಿಟಿಷ್ ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಗೊತ್ತಾ? ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಸಿನಿಮಾದಲ್ಲಿ ಮಿಸೆಸ್ ಮೂರ್ ಅನ್ನೋ ಮುದುಕಿ ಆಗಿದ್ದಾರಲ್ಲ, ಅವರು. ಆ ಸಿನಿಮಾದ ಶೂಟಿಂಗ್ ನಡೆದದ್ದು ಜಾಸ್ತಿ ನಮ್ಮ ಬೆಂಗಳೂರಿನಲ್ಲೇ, ಗುಹೆಗಳದ್ದು ಸಾವನದುರ್ಗದ ಕಡೆ. ಅದರಲ್ಲಿ ರಾತ್ರಿ ಮಸೀದಿಯ ಒಂದು ದೃಶ್ಯ ಇದೆ. ಬೆಳದಿಂಗಳು. ಬಿಳಿ ಬಟ್ಟೆಯ ಮುದುಕಿ ಒಬ್ಬಳೇ ನಿಂತಿದ್ದಾಳೆ. ಡಾಕ್ಟರ್ ಅಜೀಜ್ ಸಿಟ್ಟಾಗಿ, ಶೂ ಬಿಚ್ಚಿ ಬರಬೇಕಿತ್ತು ಅನ್ನುತ್ತಾನೆ. ಬಿಚ್ಚಿಯೇ ಬಂದಿದ್ದೇನೆ ಅನ್ನುತ್ತಾಳೆ. ಅಷ್ಟೇ. ದನಿ ಏರಿಸುವುದಿಲ್ಲ, ಕಣ್ಣು ತುಂಬಿಕೊಳ್ಳುವುದಿಲ್ಲ. ಅವನ ಸಿಟ್ಟು ಅಲ್ಲೇ ಇಳಿದುಹೋಗುತ್ತದೆ. ಆ ಒಂದು ಮಾತಿಗಾಗಿ ನಾನು ಆ ಸಿನಿಮಾ ಮೂರು ಸಲ ನೋಡಿದ್ದೇನೆ. ಮಿಕ್ಕದ್ದು ನನಗೆ ಸ್ವಲ್ಪ ಉದ್ದ ಅನ್ನಿಸಿತು, ಅದು ಬೇರೆ ವಿಷಯ.

ಆ ಪಾತ್ರಕ್ಕೆ 1985ರಲ್ಲಿ ಆಸ್ಕರ್ ಬಂತು. ಆಗ ಅವರಿಗೆ 77. ಪೋಷಕ ನಟಿಯರಲ್ಲಿ ಅಷ್ಟು ವಯಸ್ಸಿಗೆ ಗೆದ್ದವರು ಇನ್ನೊಬ್ಬರಿಲ್ಲ. ಅಲ್ಲಿಯವರೆಗೆ ಮಾಡಿದ ಸಿನಿಮಾಗಳೇ ಕಮ್ಮಿ, ಅದರಲ್ಲೂ ಹೆಚ್ಚಿನವು ಸಣ್ಣ ಪಾತ್ರ. 1935ರಲ್ಲಿ ಹಿಚ್‌ಕಾಕ್ ಸಿನಿಮಾದಲ್ಲಿ ಒಬ್ಬ ಬಡ ರೈತನ ಹೆಂಡತಿ, ಕೆಲವೇ ನಿಮಿಷ. ಮಿಕ್ಕಂತೆ ಇಡೀ ಆಯಸ್ಸು ರಂಗದ ಮೇಲೆ.

ಅವರು ಹುಟ್ಟಿದ್ದು 1907ರಲ್ಲಿ, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. 22ನೇ ವಯಸ್ಸಿಗೆ ಶೇಕ್ಸ್‌ಪಿಯರ್‌ನ 'ಒಥೆಲೋ' ನಾಟಕದಲ್ಲಿ ಪಾಲ್ ರೋಬ್ಸನ್ ಒಥೆಲೋ ಆದರೆ ಇವರು ಅವನ ಹೆಂಡತಿ ಡೆಸ್ಡೆಮೋನಾ. ಕಪ್ಪು ನಟನ ಜೊತೆ ಬಿಳಿ ಹುಡುಗಿ ಅಂತ ಬೈದು ಬಂದ ಕಾಗದಗಳೂ ಇದ್ದವು. ಇವರು ಹಿಂದೆ ಸರಿಯಲಿಲ್ಲ. 1935ರಲ್ಲಿ ಜೂಲಿಯೆಟ್. ದೊಡ್ಡ ನಟರಾದ ಗಿಲ್ಗುಡ್, ಒಲಿವಿಯರ್ ಇಬ್ಬರೂ ಸರದಿಯ ಮೇಲೆ ರೋಮಿಯೋ!

ಆದರೆ ನಾನು ನಿನಗೆ ಹೇಳಬೇಕು ಅಂದುಕೊಂಡದ್ದು ಅವರು ಮಾಡಿದ ಮಾರ್ಗರೆಟ್ ರಾಣಿ ಪಾತ್ರದ ವಿಷಯ. 1963ರಲ್ಲಿ ನಿರ್ದೇಶಕ ಪೀಟರ್ ಹಾಲ್ ಅವರ ಹೊಸ ರಾಯಲ್ ಶೇಕ್ಸ್‌ಪಿಯರ್ ಕಂಪನಿ, ಶೇಕ್ಸ್‌ಪಿಯರ್‌ನ ನಾಲ್ಕು ಇತಿಹಾಸ ನಾಟಕಗಳನ್ನು ಮೂರು ನಾಟಕ ಮಾಡಿ ಆಡಿತು. ಮೂರರಲ್ಲೂ ಮಾರ್ಗರೆಟ್ ಇದ್ದಾಳೆ. ಫ್ರಾನ್ಸಿನಿಂದ ಮದುವೆಗೆ ಬರುವ ಹುಡುಗಿ, ಆಮೇಲೆ ರಾಣಿ. ಶತ್ರುವಿನ ತಲೆಗೆ ಕಾಗದದ ಕಿರೀಟ ಇಡುತ್ತಾಳೆ, ಅವನ ಮಗನ ರಕ್ತದಲ್ಲೇ ಅದ್ದಿದ ಬಟ್ಟೆ ಅವನ ಕೈಗೆ ಕೊಡುತ್ತಾಳೆ. ಕೊನೆಗೆ ಎಲ್ಲ ಕಳಕೊಂಡು ಶಾಪ ಹಾಕುತ್ತಾ ಓಡಾಡುವ ಮುದುಕಿ. ಪೆಗ್ಗಿಗೆ ಆಗ 55. ಕೆಲವು ದಿನ ಮೂರೂ ನಾಟಕ ಒಂದೇ ದಿನ ಇರುತ್ತಿದ್ದವು. ಬೆಳಗ್ಗೆ ಹುಡುಗಿ, ರಾತ್ರಿ ಮುದುಕಿ. ಮೇಕಪ್ ಒಂದರಿಂದಲೇ ಆಗುವ ಕೆಲಸವಾ ಇದು? ನಡಿಗೆ, ಉಸಿರು, ಕೈ ಎಲ್ಲಿಡಬೇಕು ಅನ್ನೋದೂ ಬದಲಾಗಬೇಕಲ್ವಾ. ನಿನ್ನ ಕೈಗೆ ಬಂದಿರುವುದೂ ಅದೇ ಅವಕಾಶ. ಇಪ್ಪತ್ತಾರರ ಹುಡುಗಿಯಾಗಿ ರಂಗಕ್ಕೆ ಬರುವುದು ನಿನಗೆ ಹೇಗೂ ಗೊತ್ತು, ಅದರಲ್ಲಿ ಕಲಿಯುವುದೇನಿದೆ?

ಒಂದು ವಿಷಯ ಮುಚ್ಚಿಡುವುದಿಲ್ಲ. ಅವರಿಗೆ ಕಂಪನಿಯಿಂದ ಸಂಬಳ ಬರುತ್ತಿತ್ತು. ನಿಮ್ಮ ತಂಡದಲ್ಲಿ ಆಟೋ ಚಾರ್ಜೂ ಕೈಯಿಂದಲೇ. ಹಾಗಾಗಿ ಕೆಲಸ ಬಿಟ್ಟು ಪೂರ್ತಿ ನಾಟಕಕ್ಕೆ ಇಳಿಯುತ್ತೇನೆ ಅಂತ ಈಗಲೇ ಹೊರಡಬೇಡ. ಇಎಂಐ ಮುಗಿಯಲಿ. ಸೀರಿಯಲ್‌ನವರು ಮುಖದ ಬಗ್ಗೆ ಏನಂದರು ಅನ್ನೋದನ್ನು ಮನಸ್ಸಿಗೆ ಹಚ್ಚಿಕೊಂಡು ಕೂರಬೇಡ, ಅವರಿಗೆ ದಿನಕ್ಕೆ ನೂರು ಮುಖ. ನಿರ್ದೇಶಕರಿಗೆ ನಾಳೆಯೇ ಫೋನ್ ಮಾಡಿ, ಬರುತ್ತೇನೆ ಅನ್ನು. ಕಾರಣ ಗೀರಣ ಹೇಳಬೇಡ.

ಭಾನುವಾರ ಇಲ್ಲಿಗೆ ಬಾ. ನಿಮ್ಮಜ್ಜಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ನಡಿಗೆಯೇ ಬೇರೆ ಆಗಿದೆ. ಕೂರುವ ಮುಂಚೆ ಕುರ್ಚಿಯನ್ನು ಒಂದು ಸಲ ಕೈಯಲ್ಲಿ ಮುಟ್ಟಿ ನೋಡುತ್ತಾಳೆ. ಏಳುವಾಗ ಮೊದಲು ಸೆರಗು ಸರಿ ಮಾಡಿಕೊಳ್ಳುತ್ತಾಳೆ, ಆಮೇಲೆ ಮಂಡಿ ಮೇಲೆ ಕೈ, ಆಮೇಲೆ "ಶಿವಾ". ಸುಮ್ನೆ ಪಕ್ಕದಲ್ಲಿ ಕೂತು ನೋಡು. ನಿನ್ನ ಪಾತ್ರಕ್ಕೆ ಅಂತ ಮಾತ್ರ ಹೇಳಬೇಡ, ಗೊತ್ತಾದರೆ ನಿನ್ನ ಮುಂದೆ ಬೇಕಂತಲೇ ಚುರುಕಾಗಿ ಓಡಾಡುತ್ತಾಳೆ.

ಮಧ್ಯಾಹ್ನ ಊಟಕ್ಕೆ ಬಸ್ಸಾರು, ಮುದ್ದೆ. ಬರುವಾಗ ಸ್ಕ್ರಿಪ್ಟ್ ತಾ, ಮಿಕ್ಕ ಪಾತ್ರಗಳ ಮಾತು ನಾನು ಓದುತ್ತೇನೆ.

ನಿನ್ನ,
ದೊಡ್ಡಮ್ಮ