ತಡವಾಗಿ ಬಂದ ಸುದ್ದಿ

ಪುಟ್ಟಿ,

ಅಮೆರಿಕದಲ್ಲಿ ಗುಲಾಮರ ಬಿಡುಗಡೆಯನ್ನು ನೆನೆಯೋ ಜೂನ್‌ಟೀಂತ್ ದಿನ ಹೂಸ್ಟನ್‌ನಲ್ಲೇ ಅಷ್ಟೆಲ್ಲ ಸಂಭ್ರಮ ಇರುವಾಗ, ಗುಲಾಮರನ್ನು ದುಡಿಸಿದ ಹೊಲಕ್ಕೇ ಯಾಕೆ ಹೋದ್ರಿ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಆಗ ಏನು ಹೇಳಬೇಕೋ ತೋಚಲಿಲ್ಲ.

ನಾವು ಹೋದ ಬ್ಯಾರಿಂಗ್ಟನ್ ಅನ್ನೋದು ಆನ್ಸನ್ ಜೋನ್ಸ್‌ನ ಹೊಲ, ಈಗ ಅದನ್ನು ಹಳೇ ಕಾಲದ ಹಾಗೇ ನಡೆಸಿ ಜನರಿಗೆ ತೋರಿಸ್ತಾರೆ. ಟೆಕ್ಸಾಸ್ ಬೇರೆ ದೇಶವಾಗಿದ್ದಾಗ ಅದರ ಕೊನೆಯ ಅಧ್ಯಕ್ಷ ಆತ. ಅವನು ವಾಸವಿದ್ದ ಮನೆ ಇನ್ನೂ ಇದೆ. ಗುಲಾಮರ ಗುಡಿಸಲುಗಳು ಮಾತ್ರ ಈಚೆಗೆ ಹಳೇ ಮಾದರಿಯಲ್ಲಿ ಕಟ್ಟಿದ್ದು. ಯಾರ ಮನೆ ಉಳಿಯುತ್ತೆ ನೋಡು.

ಹಳೇ ಕಾಲದ ಉಡುಪು ತೊಟ್ಟ ಒಬ್ಬ ಹೆಂಗಸು ನನ್ನ ಕೈಗೆ ಗುದ್ದಲಿ ಕೊಟ್ಟರು. ಜೂನ್‌ನಲ್ಲಿ ಹತ್ತಿ ಬಿಡಿಸೋದಿರಲ್ಲ, ಕಳೆ ತೆಗೆಯೋದು. ಹಾವೇರಿ ಕಡೆಯ ಹತ್ತಿ ಹೊಲದಲ್ಲಿ ಬೆಳೆದವಳು ನಾನು, ಆದರೂ ಒಂದು ಸಾಲು ಮುಗಿಯೋದರೊಳಗೆ ಸೊಂಟ ಹಿಡಿಯಿತು. ನಿಮ್ಮಪ್ಪ ನೆರಳಲ್ಲಿ ನಿಂತು ವಿಡಿಯೋ ಮಾಡ್ತಿದ್ರು!

ಆಮೇಲೆ ಆ ಹೆಂಗಸೇ ಟೆಕ್ಸಾಸ್‌ನ ಗುಲಾಮರಿಗೆ ಬಿಡುಗಡೆ ಸಾರಿದ ಆದೇಶ ಓದಿದರು. ಅಧ್ಯಕ್ಷ ಲಿಂಕನ್ ಬಿಡುಗಡೆಯ ಘೋಷಣೆ ಹೊರಡಿಸಿದ್ದು 1863ರ ಜನವರಿ 1ಕ್ಕೆ. ಜನರಲ್ ಗ್ರೇಂಜರ್ ಸರ್ಕಾರದ ಸೈನ್ಯದ ಜೊತೆ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ಗೆ ಬಂದು ಈ ಆದೇಶ ಸಾರಿದ್ದು 1865ರ ಜೂನ್ 19ಕ್ಕೆ. ಅಷ್ಟು ದಿನ ಟೆಕ್ಸಾಸ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನ ದುಡಿಯುತ್ತಲೇ ಇದ್ದರು. ಎಲ್ಲ ಗುಲಾಮರೂ ಸ್ವತಂತ್ರರು ಅಂತ ಶುರುವಾಗುತ್ತೆ ಆ ಆದೇಶ. ಅದೇ ಕಾಗದದ ಕೊನೆಗೆ, ಇದ್ದಲ್ಲೇ ತೆಪ್ಪಗಿದ್ದು ಕೂಲಿಗೆ ದುಡಿಯಿರಿ, ಸುಮ್ನೆ ಕೂತರೆ ಯಾರೂ ಸಾಕಲ್ಲ ಅಂತಲೂ ಇದೆ! ಅಲ್ಲಿಗೆ ಬಂದಾಗ ಅವರ ದನಿ ನಿಧಾನವಾಯಿತು.

ನನಗೆ ನಮ್ಮ ಊರಿನ ಹಿತ್ತಲು ಕಣ್ಣಿಗೆ ಬಂತು. ಜೀತ ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ನಾನು ಶಾಲೆಗೆ ಹೋಗೋ ಹೊತ್ತಿಗೂ ನಮ್ಮ ದನದ ಕೊಟ್ಟಿಗೆಯಲ್ಲಿ ಒಬ್ಬರು ಜೀತಕ್ಕಿದ್ದರು. ಅವರಪ್ಪ ಮಾಡಿದ ಸಾಲಕ್ಕೆ. ಅಷ್ಟು ವಯಸ್ಸಾದವರನ್ನು ನಾವು ಮಕ್ಕಳೂ ಏಕವಚನದಲ್ಲೇ ಕರೆಯುತ್ತಿದ್ದೆವು. ಅವರಿಗೆ ಓದು ಬರುತ್ತಿರಲಿಲ್ಲ. ನಮ್ಮಜ್ಜ ದಿನಾ ಪೇಪರ್ ಓದುತ್ತಿದ್ದರು, ರೇಡಿಯೋ ವಾರ್ತೆ ತಪ್ಪಿಸುತ್ತಿರಲಿಲ್ಲ. ಸುದ್ದಿ ಅಜ್ಜನಿಗೆ ಗೊತ್ತಿರಲಿಲ್ಲ ಅಂತ ಹೇಗೆ ನಂಬಲಿ?

ಮೆರವಣಿಗೆ ನೋಡಿದ್ದರೆ ಕಲ್ಲಂಗಡಿ ತಿಂದು, ಚಪ್ಪಾಳೆ ಹೊಡೆದು ಬರ್ತಿದ್ದೆ ಅಷ್ಟೆ. ಗುದ್ದಲಿ ಹಿಡಿದದ್ದಕ್ಕೇ ಇದೆಲ್ಲ ನೆನಪಾಯಿತು.

ಆ ಕೊಟ್ಟಿಗೆಯವರಿಗೆ ಮಕ್ಕಳಿದ್ದರಾ, ಎಲ್ಲಿದ್ದಾರೆ ಅಂತ ನಿನ್ನ ಅಜ್ಜಿಗೆ ಫೋನ್ ಮಾಡಿ ಕೇಳಿದೆ. "ಈಗ್ಯಾಕೆ ಅದೆಲ್ಲ" ಅಂದರು. ನೀನೊಮ್ಮೆ ಕೇಳಿ ನೋಡು. ಮೊಮ್ಮಗಳಿಗಾದರೆ ಹೇಳಬಹುದು.

ನಿನ್ನ
ಅವ್ವ